ಮನೆಯಲ್ಲೇ ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕೋದು: ನಮ್ಮ ಡ್ರಮ್ಮು, ಕೈಪಂಪಿನ ಅನುಭವ

ಮುಂಗಾರು ಶುರುವಾಯಿತು ಅಂದರೆ ನಮ್ಮ ಕಡೆ ಟ್ರ್ಯಾಕ್ಟರ್ ನಿಲ್ಲುವ ಹಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸುತ್ತಮುತ್ತ ಹೆಚ್ಚಿನವರದು ಮೆಕ್ಕೆಜೋಳ. ಒಂದು ಹದ ಮಳೆ ಬಿದ್ದರೆ ಸಾಕು, ಎಲ್ಲರಿಗೂ ಅವತ್ತೇ ಹೊಲ ಹಸನಾಗಬೇಕು, ಅವತ್ತೇ ಬೀಜ ಬೀಳಬೇಕು. ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರನ್ನು ಹೈವೇ ಬಂಕಿನವರೆಗೆ ಓಡಿಸಿಕೊಂಡು ಹೋಗಿ, ಲಾರಿಗಳ ಹಿಂದೆ ಸಾಲಿನಲ್ಲಿ ನಿಂತು, ಮತ್ತೆ ಊರಿಗೆ ಬರುವಷ್ಟರಲ್ಲಿ ಬಿಸಿಲೇರಿರುತ್ತದೆ. ಹಿಂದೆ ಕಲ್ಟಿವೇಟರ್ ಕಟ್ಟಿಕೊಂಡು ರಾಷ್ಟ್ರೀಯ ಹೆದ್ದಾರಿ 48ಕ್ಕೆ ಇಳಿಯುವುದು ಬೇರೆ ಅಪಾಯ, ಅಲ್ಲಿ ಬೆಂಗಳೂರು-ಪುಣೆ ಗಾಡಿಗಳು ಹೋಗುವ ವೇಗ ನೋಡಿದವರಿಗೆ ಗೊತ್ತು. ಹಾಗಾಗಿ ಡೀಸೆಲ್ ಮನೆಗೆ ಬರಬೇಕು, ಟ್ರ್ಯಾಕ್ಟರ್ ಬಂಕಿಗೆ ಹೋಗಬಾರದು ಅಂತ ನಮ್ಮ ಮನೆಯಲ್ಲಿ ತೀರ್ಮಾನ ಆಯಿತು.

ಟ್ಯಾಂಕಿಗೆ ಡೀಸೆಲ್ ಸುರಿಯುವುದು ದೊಡ್ಡ ಕೆಲಸ ಅಲ್ಲ. ನೀರಿಲ್ಲದ, ಧೂಳಿಲ್ಲದ ಡೀಸೆಲ್ ಸುರಿಯುವುದು ಕೆಲಸ. ಬಂಕಿನಲ್ಲಿ ನಾಝಲ್ ತೂರಿಸಿ ಹಾಕುವಾಗ ಈ ಚಿಂತೆ ನಮ್ಮದಲ್ಲ, ಅಲ್ಲಿ ಫಿಲ್ಟರ್ ಇರುತ್ತದೆ. ಮನೆಗೆ ತಂದ ಮೇಲೆ ಅದು ನಮ್ಮ ಜವಾಬ್ದಾರಿ. ನಾನು ಮುಂದೆ ಹೇಳುವ ಎಲ್ಲ ದಾರಿಗಳನ್ನೂ ಈ ಒಂದು ಲೆಕ್ಕದಲ್ಲೇ ತೂಗಿದ್ದೇನೆ.

ಮೊದಲು ಎಷ್ಟು ಬೇಕು ಅಂತ ನೋಡಿಕೊಳ್ಳಿ. 45-50 ಎಚ್‌ಪಿ ಗಾಡಿ ರೋಟಾವೇಟರ್ ಹೊಡೆಯುವಾಗ ಗಂಟೆಗೆ ಹೆಚ್ಚುಕಡಿಮೆ 4ರಿಂದ 6 ಲೀಟರ್ ಕುಡಿಯುತ್ತದೆ. ಎರೆ ಭೂಮಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಟ್ಯಾಂಕು 45ರಿಂದ 65 ಲೀಟರಿನದು ಅಂತಿಟ್ಟುಕೊಂಡರೂ ಪೂರ್ತಿ ದಿನದ ದುಡಿಮೆಗೆ ಒಂದು ಟ್ಯಾಂಕು ಬೇಕೇ ಬೇಕು. ಹಾಗಾಗಿ ಹಂಗಾಮಿನಲ್ಲಿ ಮನೆಯಲ್ಲಿ ಒಂದು 200 ಲೀಟರ್ ಡ್ರಮ್ ಇದ್ದರೆ ಒಂದು ಟ್ರ್ಯಾಕ್ಟರಿಗೆ ಧಾರಾಳ. ಅದಕ್ಕಿಂತ ಜಾಸ್ತಿ ಕೂಡಿಡಬೇಡಿ. ಡೀಸೆಲ್ ಆರು ತಿಂಗಳು ದಾಟಿದರೆ ಬಣ್ಣ ತಿರುಗಿ ಅಡಿಯಲ್ಲಿ ಅಂಟಿನಂಥ ಗಸಿ ಕಟ್ಟಲು ಶುರುವಾಗುತ್ತದೆ, ನೀರು ಸೇರಿದ್ದರೆ ಇನ್ನೂ ಬೇಗ.

ಕ್ಯಾನಿನ ವಿಷಯ. ನಮ್ಮ ಊರುಗಳಲ್ಲಿ 35 ಲೀಟರ್ ಕ್ಯಾನೇ ಚಾಲ್ತಿ. ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ಅಂದರೆ ತುಂಬಿದ ಕ್ಯಾನು 30 ಕೆಜಿ ಹತ್ತಿರ. ಟ್ಯಾಂಕಿನ ಬಾಯಿ ಇರುವುದು ಎದೆಮಟ್ಟಕ್ಕೆ. ಅಷ್ಟು ಎತ್ತರಕ್ಕೆ ಎತ್ತಿ ಹಿಡಿದು, ಬಗ್ಗಿಸಿ, ಆಲಿಕೆಗೆ ಸರಿಯಾಗಿ ಬೀಳಿಸುವುದು ಒಬ್ಬರ ಕೈಲಿ ಆಗುವ ಮಾತಲ್ಲ. ಬಾನೆಟ್ ಮೇಲೆ ಚೆಲ್ಲಿ, ಅದು ಕೆಳಗೆ ಬಿಸಿ ಸೈಲೆನ್ಸರ್ ಕಡೆ ಇಳಿಯುತ್ತದೆ. ನಮ್ಮಪ್ಪ ಒಂದು ಸಂಜೆ "ಕ್ಯಾನು ಎತ್ತಿ ಎತ್ತಿ ಸೊಂಟ ಬಿದ್ದು ಹೋತು, ಬ್ಯಾರೆ ಏನಾದ್ರೂ ದಾರಿ ನೋಡ್ರಪ್ಪಾ" ಅಂದದ್ದೇ ಈ ಎಲ್ಲ ಹುಡುಕಾಟಕ್ಕೆ ಕಾರಣ. ಕ್ಯಾನಿನಿಂದಲೇ ಹಾಕುವವರು 20 ಲೀಟರ್ ಕ್ಯಾನು ಇಟ್ಟುಕೊಳ್ಳಿ. ದಪ್ಪ ಪ್ಲಾಸ್ಟಿಕ್ಕಿನದು, ಹೊಸದು, ಬೇರೆ ಯಾವುದಕ್ಕೂ ಬಳಸದ್ದು. ಔಷಧಿ ಹೊಡೆದ ಕ್ಯಾನು, ಕುಡಿಯುವ ನೀರಿನ ಕ್ಯಾನು ಎರಡೂ ಬೇಡ. ಬಂಕಿನಲ್ಲಿ ತುಂಬಿಸುವಾಗ ಕ್ಯಾನನ್ನು ಗಾಡಿಯಿಂದ ಕೆಳಗಿಳಿಸಿ ನೆಲದ ಮೇಲಿಟ್ಟು ತುಂಬಿಸಿ. ಟ್ರೇಲರಿನಲ್ಲೇ ಇಟ್ಟು ತುಂಬಿಸಿದರೆ ಸ್ಥಾಯಿ ವಿದ್ಯುತ್ ಹರಿದು ಹೋಗಲು ದಾರಿ ಇರುವುದಿಲ್ಲ, ಕಿಡಿ ಹಾರಬಹುದು.

ಬಾಯಲ್ಲಿ ಪೈಪ್ ಕಚ್ಚಿ ಎಳೆಯುವ ಪದ್ಧತಿ ಇವತ್ತಿಗೂ ಹೋಗಿಲ್ಲ. ದಯವಿಟ್ಟು ಬಿಡಿ. ಒಂದು ಗುಟುಕು ಡೀಸೆಲ್ ಹೊಟ್ಟೆಗೆ ಹೋಗುವುದಕ್ಕಿಂತ ಕೆಟ್ಟದ್ದು ಅದು ಶ್ವಾಸಕೋಶಕ್ಕೆ ಇಳಿಯುವುದು, ಅಲ್ಲಿ ಸುಟ್ಟ ಹಾಗೆ ಉರಿಯೂತವಾಗಿ ನ್ಯುಮೋನಿಯಾ ಥರ ಆಗುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಹೋಗುವುದು ಜಾಸ್ತಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದಕ್ಕೆ ಬದಲು ಅಂಗಡಿಯಲ್ಲಿ ಅಲ್ಲಾಡಿಸುವ ಪೈಪು ಸಿಗುತ್ತದೆ. ತುದಿಯಲ್ಲಿ ಹಿತ್ತಾಳೆ ಕೊಳವೆ, ಅದರೊಳಗೆ ಒಂದು ಗೋಲಿ. ಡೀಸೆಲ್‌ನಲ್ಲಿ ಮುಳುಗಿಸಿ ನಾಲ್ಕು ಸಲ ಮೇಲೆ ಕೆಳಗೆ ಜೋರಾಗಿ ಅಲ್ಲಾಡಿಸಿದರೆ ತಾನಾಗೇ ಹರಿಯಲು ಶುರುವಾಗುತ್ತದೆ. ಆದರೆ ಕ್ಯಾನು ಟ್ಯಾಂಕಿಗಿಂತ ಎತ್ತರದಲ್ಲಿ ಇರಲೇಬೇಕು. ನಾವು ಕ್ಯಾನನ್ನು ಟ್ರೇಲರಿನ ಅಂಚಿನಲ್ಲಿ ಹಲಗೆ ಹಾಕಿ ಅದರ ಮೇಲಿಟ್ಟು ಪಕ್ಕಕ್ಕೆ ಟ್ರ್ಯಾಕ್ಟರ್ ನಿಲ್ಲಿಸಿ ಹಾಕುತ್ತಿದ್ದೆವು. ಹೊಲದಲ್ಲಿ ಅರ್ಧಕ್ಕೆ ಖಾಲಿಯಾದಾಗ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅದಕ್ಕೇ ಟೂಲ್ ಬಾಕ್ಸಿನಲ್ಲಿ ಈಗಲೂ ಒಂದು ಇದೆ.

ಡ್ರಮ್ಮನ್ನು ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿ, ನಲ್ಲಿ ಇಟ್ಟು, ಪೈಪಿನಲ್ಲಿ ಇಳಿಸುವ ದಾರಿಯನ್ನೂ ಯೋಚಿಸಿದೆವು. ಕೇಳಲು ಸುಲಭ. ಆದರೆ ತುಂಬಿದ ಡ್ರಮ್ ಹತ್ತಿರ ಹತ್ತಿರ 190 ಕೆಜಿ, ಅದರ ತಳ ಐದಡಿಗಿಂತ ಮೇಲಿರಬೇಕು, ಅಷ್ಟು ಭಾರ ಹೊರುವ ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಬೆಸೆಸಿ ಕಾಂಕ್ರೀಟಿನಲ್ಲಿ ಹೂಳಬೇಕು, ಆಮೇಲೆ ಆ ಎತ್ತರಕ್ಕೆ ಕ್ಯಾನುಗಳನ್ನು ಏರಿಸುವವರು ಯಾರು? ಸೊಂಟದ ಸಮಸ್ಯೆ ಅಲ್ಲೇ ಉಳಿಯಿತು. ಇಳಿಜಾರು ಜಾಗ ಇರುವವರಿಗೆ ಮಾತ್ರ ಇದು ಸರಿ. ಕಣ ಮೇಲೆ, ಟ್ರ್ಯಾಕ್ಟರ್ ನಿಲ್ಲುವ ಜಾಗ ಕೆಳಗೆ ಇದ್ದರೆ ಡ್ರಮ್ಮನ್ನು ಕಣದ ಅಂಚಿಗೆ ಕೂರಿಸಬಹುದು. ನಮ್ಮದು ಸಮತಟ್ಟು.

ಕೊನೆಗೆ ನಾವು ನಿಂತದ್ದು ನೆಲದ ಮೇಲಿನ ಡ್ರಮ್ಮು, ಅದಕ್ಕೊಂದು ಸುತ್ತುವ ಕೈಪಂಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡ್ರಮ್ಮು ಎಂಜಿನ್ ಆಯಿಲ್ ಅಥವಾ ಹೈಡ್ರಾಲಿಕ್ ಆಯಿಲ್ ಬಂದದ್ದಾದರೆ ಪರವಾಗಿಲ್ಲ. ಕೆಮಿಕಲ್ ಡ್ರಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ನೀರಿನಲ್ಲಿ ತೊಳೆಯಬೇಡಿ, ನಾಲ್ಕೈದು ಲೀಟರ್ ಡೀಸೆಲ್ ಹಾಕಿ ಉರುಳಾಡಿಸಿ ಚೆಲ್ಲದೆ ತೆಗೆದಿಡಿ, ಬಿಡಿಭಾಗ ತೊಳೆಯಲು ಬರುತ್ತದೆ. ಹಳೇ ಡ್ರಮ್ಮಿಗೆ ನಲ್ಲಿ ಕೂರಿಸಲು ವೆಲ್ಡಿಂಗ್ ಅಂತೂ ಮಾಡಿಸಲೇಬೇಡಿ. ಒಳಗೆ ಉಳಿದ ಆವಿ ಸಿಡಿದು ಸಾವುಗಳೇ ಆಗುತ್ತವೆ. ಒಳಗೆ ಜಿಐ, ಅಂದರೆ ಸತುವಿನ ಲೇಪ ಇರುವ ಡ್ರಮ್ಮು, ಜಿಐ ಪೈಪು ಕೂಡ ಡೀಸೆಲ್‌ಗೆ ಆಗುವುದಿಲ್ಲ. ಸತು ನಿಧಾನಕ್ಕೆ ಕರಗಿ ಡೀಸೆಲ್‌ಗೆ ಸೇರಿ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್‌ನಲ್ಲಿ ಕೂರುತ್ತದೆ.

ಡ್ರಮ್ಮಿನ ಮೇಲೆ ಎರಡು ಬಿರಡೆ ಇರುತ್ತವೆ. ಒಂದು ಎರಡಿಂಚಿನದು, ಇನ್ನೊಂದು ಮುಕ್ಕಾಲಿಂಚಿನದು. ಪಂಪು ದೊಡ್ಡದರಲ್ಲಿ ಕೂರುತ್ತದೆ. ಪಂಪ್ ಮಾಡುವಾಗ ಚಿಕ್ಕದನ್ನು ಸಡಿಲ ಬಿಡಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಹೋಗದೆ ಪಂಪು ಬಿಗಿಯಾಗುತ್ತದೆ. ನಾವು ಅಲ್ಲಿ ಸಣ್ಣ ಜಾಲರಿ ಹಾಕಿದ ಬಾಗಿದ ಕೊಳವೆ ಕೂರಿಸಿದ್ದೇವೆ, ಗಾಳಿ ಆಡುತ್ತದೆ, ಮಳೆನೀರು, ಹುಳ ಬೀಳುವುದಿಲ್ಲ. ಪಂಪಿನ ಹೀರು ಪೈಪು ತಳ ಮುಟ್ಟಬಾರದು. ಮೂರಿಂಚು ಮೇಲೆ ನಿಲ್ಲುವ ಹಾಗೆ ಕತ್ತರಿಸಿ. ಹಾಗೆ ಮಾಡಿದರೆ ಅಡಿಯಲ್ಲಿ ಹದಿನೈದು ಲೀಟರಿಗೂ ಮೇಲೆ ಸದಾ ಉಳಿಯುತ್ತದೆ, "ಇಷ್ಟು ದುಡ್ಡು ಸುಮ್ನೆ ಕೂತಿದೆಯಲ್ಲ" ಅಂತ ಅನ್ನಿಸುತ್ತದೆ, ಆದರೆ ಡೀಸೆಲ್‌ಗಿಂತ ನೀರು ಭಾರ, ಬಂದ ನೀರು, ಕಸ ಎಲ್ಲ ಆ ಮೂರಿಂಚಿನಲ್ಲೇ ಕೂರುವುದು. ಡ್ರಮ್ಮಿನ ಒಂದು ಬದಿಗೆ ತೆಳು ಕಲ್ಲು ಕೊಟ್ಟು ಹೀರು ಪೈಪಿನ ಎದುರು ಬದಿಗೆ ಸ್ವಲ್ಪ ಓಲಿಸಿ. ಗಸಿ ಎಲ್ಲ ಅತ್ತ ಹೋಗುತ್ತದೆ. ನಾಲ್ಕು ಸುತ್ತಿಗೆ ಸುಮಾರು ಒಂದು ಲೀಟರ್ ಬರುತ್ತದೆ. ನಮ್ಮಪ್ಪ ಒಬ್ಬರೇ ನಿಂತು ಟ್ಯಾಂಕು ತುಂಬಿಸುತ್ತಾರೆ, ನಮ್ಮಮ್ಮನೂ ತುಂಬಿಸುತ್ತಾರೆ. ನನಗೆ ಅದೇ ದೊಡ್ಡ ಸಮಾಧಾನ.

ಪೈಪು ಮಾತ್ರ ಎಣ್ಣೆಗೆ ತಡೆಯುವ ರಬ್ಬರಿನದು ಕೇಳಿ ತನ್ನಿ. ತೋಟಕ್ಕೆ ನೀರು ಬಿಡುವ ಪೈಪು ಡೀಸೆಲ್‌ಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಬ್ಯಾಟರಿ ಪಂಪೂ ಇದೆ, 12 ವೋಲ್ಟಿನದು, ನಿಮಿಷಕ್ಕೆ 40 ಲೀಟರ್ ಎಳೆಯುವಂಥದ್ದು. ಎರಡು ಟ್ರ್ಯಾಕ್ಟರು, ಜೊತೆಗೆ ಹಾರ್ವೆಸ್ಟರ್ ಇರುವವರಿಗೆ ಅದು ಬೇಕಾಗುತ್ತದೆ. ಒಂದೇ ಗಾಡಿ ಇದ್ದರೆ ಕೈಪಂಪೇ ಸಾಕು. ತಂದುಕೊಂಡರೆ ಫ್ಯೂಸ್ ಇರುವ ವೈರ್ ಹಾಕಿ, ಸ್ವಿಚ್ ಆಫ್ ಮಾಡಿಟ್ಟುಕೊಂಡೇ ಕ್ಲಿಪ್ ಸಿಕ್ಕಿಸಿ, ಮೈನಸ್ ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ದೂರದಲ್ಲಿ ಚಾಸಿಗೆ ಹಾಕಿ. ಕಿಡಿ ಹಾರುವುದು ಆ ಕ್ಲಿಪ್ಪಿನ ಹತ್ತಿರವೇ. ಡೀಸೆಲ್ ಪಂಪಿನಲ್ಲಿ ಪೆಟ್ರೋಲ್ ಎಳೆಯಬೇಡಿ, ಯಾವ ಕಾರಣಕ್ಕೂ.

ಈಗ ಧೂಳು. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ಹಾಕಿಲ್ಲ, ಆಷಾಢದಲ್ಲಿ ನಮ್ಮಲ್ಲಿ ಗಾಳಿ ಹಂಗೇ ಇರುತ್ತದೆ. ಹೊಲದಲ್ಲಿ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು ಕ್ಯಾನು ತರಲು ಹೋದರೆ ಬರುವಷ್ಟರಲ್ಲಿ ಮಣ್ಣು ಒಳಗೆ. ಡೀಸೆಲ್ ಫಿಲ್ಟರ್ ಹಿಡಿಯುವುದು 10 ಮೈಕ್ರಾನ್ ಆಸುಪಾಸಿನ ಕಣಗಳನ್ನು, ಮನುಷ್ಯನ ಕೂದಲು 70 ಮೈಕ್ರಾನ್ ದಪ್ಪ. ಅಂದರೆ ಕಣ್ಣಿಗೆ ಕಾಣದ ಧೂಳೇ ಪಂಪು, ನಾಝಲ್ ಸವೆಸುವುದು. 2023ರ ಜನವರಿಯಿಂದ 50 ಎಚ್‌ಪಿಗಿಂತ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಹೊಸ ಹೊಗೆ ನಿಯಮ ಬಂತು. ಅದಕ್ಕಾಗಿ ಕಾಮನ್ ರೈಲ್ ಇಂಜಿನ್ (ಎಲ್ಲ ನಾಝಲ್‌ಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು) ಬಂದ ಗಾಡಿಗಳಿಗೆ ಕೊಳಕು ಡೀಸೆಲ್ ಅಂದರೆ ದೊಡ್ಡ ಖರ್ಚು. ಮುಚ್ಚಳದ ಸುತ್ತ ಮೊದಲು ಒರೆಸಿ, ಪೈಪು ಕೈಯಲ್ಲಿ ಹಿಡಿದುಕೊಂಡ ಮೇಲೇ ಮುಚ್ಚಳ ತೆಗೆಯಿರಿ. ಬನಿಯನ್ ಬಟ್ಟೆಯಲ್ಲಿ ಸೋಸುವ ಅಭ್ಯಾಸ ಹಲವರಿಗೆ ಇದೆ. ಅದು ಎಲೆ, ಕಡ್ಡಿ ಹಿಡಿಯುತ್ತದೆ. ನೀರನ್ನು ಹಿಡಿಯುವುದಿಲ್ಲ, ಸಣ್ಣ ಧೂಳನ್ನೂ ಹಿಡಿಯುವುದಿಲ್ಲ, ಮೇಲಿಂದ ತನ್ನ ನೂಲನ್ನೇ ಬಿಡುತ್ತದೆ. ಸಣ್ಣ ಕಣ್ಣಿನ ಲೋಹದ ಜಾಲರಿ ಇರುವ ಆಲಿಕೆ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ನೀರು ಹೊರಗಿಂದಲೇ ಬರಬೇಕು ಅಂತಿಲ್ಲ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿ ತೇವ ಇರುತ್ತದೆ, ರಾತ್ರಿ ತಣ್ಣಗಾದಾಗ ಅದು ಒಳಗೋಡೆಗೆ ಹನಿಯಾಗಿ ಇಳಿಯುತ್ತದೆ. ಅದಕ್ಕೇ ಡೀಸೆಲ್ ಹಾಕುವುದು ಬೆಳಿಗ್ಗೆ ಅಲ್ಲ, ಸಂಜೆ ಕೆಲಸ ಮುಗಿಸಿ ಇಂಜಿನ್ ಸ್ವಲ್ಪ ಆರಿದ ಮೇಲೆ. ಕ್ಯಾನಿನಿಂದ ಡ್ರಮ್ಮಿಗೆ ಸುರಿದ ದಿನವೇ ಅದರಿಂದ ತೆಗೆಯಬೇಡಿ, ಒಂದು ರಾತ್ರಿ ತಿಳಿಯಾಗಲು ಬಿಡಿ. ಡ್ರಮ್ಮಿನ ಅಡಿಯಲ್ಲಿ ಏನಿದೆ ನೋಡಲು ಸುಲಭದ ದಾರಿ ಇದೆ: ಒಂದು ಪಾರದರ್ಶಕ ಪೈಪಿನ ತುಂಡು ತೆಗೆದುಕೊಂಡು, ಮೇಲ್ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ, ಓಲಿದ ಬದಿಯ ತಳದವರೆಗೆ ಇಳಿಸಿ, ಬೆರಳು ತೆಗೆದು, ಮತ್ತೆ ಮುಚ್ಚಿ ಎತ್ತಿ. ನೀರಿದ್ದರೆ ಪೈಪಿನ ಕೆಳಭಾಗದಲ್ಲಿ ಬೇರೆಯಾಗಿ ನಿಂತಿರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡುತ್ತೇವೆ. ಟ್ರ್ಯಾಕ್ಟರಿನ ಫಿಲ್ಟರ್ ಕೆಳಗಿನ ಬಟ್ಟಲನ್ನೂ ಅವತ್ತೇ ಬಿಚ್ಚಿ ನೋಡುವುದು.

ಬೆಂಕಿ ವಿಷಯದಲ್ಲಿ ನಮ್ಮಲ್ಲಿ ಒಂದು ಧೈರ್ಯ ಇದೆ, "ಡೀಸೆಲ್ ಅಷ್ಟು ಸುಲಭಕ್ಕೆ ಹತ್ತಲ್ಲ ಬಿಡ್ರೀ" ಅಂತ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬರುವ ಉಷ್ಣತೆ ನಮ್ಮ ದೇಶದ ಮಾನದಂಡದಲ್ಲಿ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್ಲಿನಲ್ಲಿ ತಗಡಿನ ಶೆಡ್ಡಿನ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತದೆ, ಅಲ್ವಾ? ಹಾಗಾಗಿ ಡ್ರಮ್ಮು ನೆರಳಲ್ಲಿ, ಗಾಳಿಯಾಡುವ ಕಡೆ, ಅಡುಗೆ ಒಲೆ, ಹುಲ್ಲಿನ ಬಣವೆ, ಕರೆಂಟ್ ಬೋರ್ಡ್ ಎಲ್ಲದರಿಂದ ದೂರ ಇರಲಿ. ಕಂಠಪೂರ್ತಿ ತುಂಬಬೇಡಿ, ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. 200 ಲೀಟರ್ 15 ಡಿಗ್ರಿ ಬಿಸಿಯಾದರೆ ಎರಡೂವರೆ ಲೀಟರ್ ಜಾಗ ಕೇಳುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಡಿ. ಡೀಸೆಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ.

ಲೈಸೆನ್ಸ್ ಬೇಕಾ ಅಂತ ಹಲವರು ಕೇಳುತ್ತಾರೆ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಡೀಸೆಲ್ ಬಿ ವರ್ಗ. ಒಂದು ಜಾಗದಲ್ಲಿ ಒಟ್ಟು 2500 ಲೀಟರ್ ಮೀರದೆ, ಯಾವ ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಲೈಸೆನ್ಸ್ ಬೇಡ. ಪೆಟ್ರೋಲ್‌ಗೆ ಇದು ಅನ್ವಯಿಸುವುದಿಲ್ಲ, ಅದರ ಮಿತಿ ಮಾರಾಟಕ್ಕಲ್ಲದೆ ಇಟ್ಟುಕೊಂಡರೂ 30 ಲೀಟರ್ ಅಷ್ಟೇ. ಬಂಕಿನ ಬಿಲ್ ಇಟ್ಟುಕೊಳ್ಳಿ.

ಬಾಡಿಗೆಗೆ ಹೋಗುವವರಿಗೆ ಇನ್ನೊಂದು ಲಾಭ ಇದೆ. ಡ್ರಮ್ಮಿಗೆ 20 ಲೀಟರ್ ಹಾಕಿದಾಗಲೆಲ್ಲ ಒಂದು ಬಿದಿರು ಕೋಲು ಇಳಿಸಿ ಗುರುತು ಕೊರೆದುಕೊಂಡರೆ ಅದೇ ಅಳತೆಗೋಲು. ದಿನದ ಕೊನೆಗೆ ಟ್ರ್ಯಾಕ್ಟರ್ ಮೀಟರಿನ ಗಂಟೆ, ಕೋಲಿನ ಲೀಟರ್ ಬರೆದಿಟ್ಟರೆ ಯಾರ ಹೊಲದಲ್ಲಿ ಎಷ್ಟು ಕುಡಿಯಿತು ಅಂತ ಗೊತ್ತಾಗುತ್ತದೆ, ಗಂಟೆ ಬಾಡಿಗೆ ಹೇಳಲು ಕೈಯಲ್ಲಿ ಲೆಕ್ಕ ಇರುತ್ತದೆ. ಏಕಾಏಕಿ ಜಾಸ್ತಿ ಕುಡಿಯುತ್ತಿದ್ದರೆ ಏರ್ ಕ್ಲೀನರ್ ಕಡೆ ನೋಡಬೇಕು ಅಂತಲೂ ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ ಹೊಲದಲ್ಲಿ ಪೂರ್ತಿ ಖಾಲಿಯಾಗಿ ನಿಂತರೆ, ಡೀಸೆಲ್ ಹಾಕಿದ ಕೂಡಲೇ ಸೆಲ್ಫ್ ಹೊಡೆಯುತ್ತಾ ಕೂರಬೇಡಿ, ಬ್ಯಾಟರಿ ಇಳಿಯುತ್ತದೆ ಅಷ್ಟೇ. ಲೈನಿನಲ್ಲಿ ಗಾಳಿ ಹಿಡಿದಿರುತ್ತದೆ. ಹಳೇ ಮಾದರಿ ಗಾಡಿಗಳಲ್ಲಿ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಕೈಗುಂಡಿ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಆಗ ಸ್ಕ್ರೂ ಬಿಗಿ ಮಾಡಿ ಸೆಲ್ಫ್ ಹೊಡೆಯಿರಿ. ಆದರೂ ಹತ್ತದಿದ್ದರೆ ಒಂದು ನಾಝಲ್ ಪೈಪಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆದು, ಅಲ್ಲೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಆ ಹೊತ್ತಿನಲ್ಲಿ ಕೈಯನ್ನು ನಾಝಲ್ ಮುಂದೆ ಹಿಡಿಯಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಕಾಮನ್ ರೈಲ್ ಗಾಡಿಯಾದರೆ ನಟ್ ಮುಟ್ಟಲೇಬೇಡಿ, ಮೆಕ್ಯಾನಿಕ್‌ನನ್ನು ಕರೆಸಿ.