ಪಿಎಲ್‌ಎ ಹಾಳೆಯ ಪೆಡಸುತನ ಹೋಗಲಾಡಿಸಿದ ನನ್ನ ಅನುಭವ

ಜೈವಿಕವಾಗಿ ವಿಘಟನೆಗೊಳ್ಳುವ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ನಾನು ತಯಾರಿಸಿದ ಹಾಳೆಗಳು ಮಡಚಿದ ಕೂಡಲೇ ಚಟ್ಟನೆ ಮುರಿಯುತ್ತಿದ್ದವು. ಅದಕ್ಕೆ ಪಿಬಿಎಟಿ ಎಂಬ ಮೆದುವಾದ ಇನ್ನೊಂದು ಪ್ಲಾಸ್ಟಿಕ್ಕನ್ನು ಶೇ. 30ರಷ್ಟು ಬೆರೆಸಿದರೂ ಫಲ ಸಿಗಲಿಲ್ಲ. ಹಾಳೆ ಪದರಪದರವಾಗಿ ಕಿತ್ತುಬಂತು. ಇವೆರಡೂ ಕರಗಿದ ಸ್ಥಿತಿಯಲ್ಲಿಯೂ ಎಣ್ಣೆ ನೀರಿನಂತೆ ಬೇರೆಯಾಗಿಯೇ ಉಳಿಯುತ್ತವೆ.

ಆದರೆ ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು: ಪ್ಲಾಸ್ಟಿಕ್ ಕಾಳುಗಳನ್ನು ಒಣಗಿಸದೆ ಬಳಸಿದ್ದರಿಂದ, ಅವುಗಳಲ್ಲಿದ್ದ ತೇವವು ಬಿಸಿಯಲ್ಲಿ ಸರಪಳಿಯ ಕೊಂಡಿಗಳಾದ ಎಸ್ಟರ್ ಬಂಧಗಳನ್ನು ಕಡಿದು ಅಣುಸರಪಳಿಗಳನ್ನು ಮೊಟಕುಗೊಳಿಸುತ್ತಿತ್ತು. ಹರಳುಗಟ್ಟಿದ ಪಿಎಲ್‌ಎ ಕಾಳುಗಳನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಪಿಬಿಎಟಿಯನ್ನು 60 ಡಿಗ್ರಿಯಲ್ಲಿಯೂ ರಾತ್ರಿಯಿಡೀ ಒಣಗಿಸಿ, ಎರಡೂ ಸರಪಳಿಗಳ ತುದಿಗಳನ್ನು ಬೆಸೆಯಬಲ್ಲ ಎಪಾಕ್ಸಿ ಗುಂಪುಗಳಿರುವ ಸಂಯುಕ್ತವನ್ನು ಶೇ. 0.5ರಷ್ಟು ಸೇರಿಸಿ, 185 ಡಿಗ್ರಿಯಲ್ಲಿ ಮತ್ತೆ ಬೆರೆಸಿದೆ. ಬಿಗಿತ ತುಸು ತಗ್ಗಿತು, ಅದು ಅನಿವಾರ್ಯ. ಈಗ ಮಡಚಿದ ಜಾಗದಲ್ಲಿ ತೆಳುವಾದ ಬಿಳಿ ಗೆರೆ ಮೂಡುತ್ತದೆಯೇ ಹೊರತು ಹಾಳೆ ಮುರಿಯುವುದಿಲ್ಲ.