ಅಮ್ಮನ ಕಿವಿಗೆ ಇಯರ್‌ಫೋನ್, ಸಕ್ಕರೆ ಡಬ್ಬಿಗೆ ಒರಗಿಸಿದ ಮೊಬೈಲು

"ಸಂಸಾರ ಅಂದ್ರೆ ರೀಚಾರ್ಜಾ, ಫೋನಲ್ಲೇ ಮಾಡ್ಬಿಡೋಕೆ?" ನನ್ನದು ಫ್ಯಾಮಿಲಿ ಕೌನ್ಸೆಲಿಂಗ್, ಮನೆಮಂದಿಯ ಜಗಳ, ಮಕ್ಕಳ ಹಟ ಕೇಳಿ ದಾರಿ ಹುಡುಕುವ ಕಸುಬು. ಅದನ್ನು ಫೋನಲ್ಲಿ ಮಾಡುವ ಮಾತು ಬಂದಾಗ, ಮೂರು ವರ್ಷದ ಹಿಂದೆ ಹಾಸನದಲ್ಲಿ ಇದೇ ಕಸುಬಿನ ಹಿರಿಯರೊಬ್ಬರು ನಾಲ್ಕು ಜನರ ಮುಂದೆ ಹೀಗೆ ಕೇಳಿದ್ದರು. ಎಲ್ಲರ ಜೊತೆ ನಾನೂ ನಕ್ಕಿದ್ದೆ. ಕಳೆದ ಮಳೆಗಾಲದಲ್ಲಿ ಅದೇ ಹಿರಿಯರು ನಾಲ್ಕು ಕುಟುಂಬಗಳನ್ನು ನನ್ನ ಕಡೆ ಕಳಿಸಿದರು. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಸಾಲಗಾಮೆ ರಸ್ತೆಯಲ್ಲಿ ಒಂದು ರೂಮು ಹಿಡಿದಿದ್ದೆ. ಬಾಡಿಗೆ 7,000, ಅಡ್ವಾನ್ಸ್ 50,000. ಸಕಲೇಶಪುರ, ಮೂಡಿಗೆರೆ ಕಡೆಯವರು ಎರಡು ಬಸ್ಸು ಹತ್ತಿ ಬರಬೇಕು, ಮುಕ್ಕಾಲು ಗಂಟೆ ಕೂತು ಮತ್ತೆ ಬಸ್ಸಿಗೆ ಓಡಬೇಕು. ಮೂರನೇ ಸಲಕ್ಕೆ ಯಾರೂ ಬರುತ್ತಿರಲಿಲ್ಲ. ಮನೆಯಲ್ಲಿ ತಟ್ಟೆ ಎಸೆಯುವ ಹುಡುಗ ನನ್ನ ಕುರ್ಚಿಯಲ್ಲಿ ಕೈ ಕಟ್ಟಿ, ಪಾಪದ ಹಸುವಿನಂತೆ ಕೂರುತ್ತಿದ್ದ. ಹನ್ನೊಂದು ತಿಂಗಳಿಗೆ ಬಾಗಿಲು ಹಾಕಿದೆ. ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಒಂದಿಷ್ಟು ಮುರಿದುಕೊಂಡರು. ಬೋರ್ಡು, ಕುರ್ಚಿ ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹೋಯಿತು. ಆಮೇಲೆ ಒಂದು ಕೌನ್ಸೆಲಿಂಗ್ ಆ್ಯಪ್ ಸೇರಿದೆ. ನೂರಕ್ಕೆ ನಲವತ್ತು ಅವರಿಗೆ, ಉಳಿದದ್ದು ಒಂದೂವರೆ ತಿಂಗಳು ಬಿಟ್ಟು ನನಗೆ. ಅದನ್ನೂ ಬಿಟ್ಟೆ.

ಸ್ವಂತ ವಿಡಿಯೋ ಕಾಲ್ ಶುರು ಮಾಡಿದಾಗ ಇನ್ನೊಂದು ಕಷ್ಟ. ಇಡೀ ಮನೆ ಸೋಫಾದ ಮೇಲೆ ಗ್ರೂಪ್ ಫೋಟೋಗೆ ಕೂತಂತೆ ಕೂರುತ್ತಿತ್ತು. ಅಪ್ಪ ಹೇಳುವುದು ಒಂದೇ ಮಾತು: "ಎಲ್ಲಾ ಚೆನ್ನಾಗಿದೆ ಮೇಡಂ, ಇವನೊಬ್ಬ ಓದಿದ್ರೆ ಸಾಕು." ಅಮ್ಮ ಉತ್ತರ ಕೊಡುವ ಮೊದಲು ಅತ್ತೆಯ ಮುಖ ನೋಡುತ್ತಾಳೆ. ಹತ್ತು ಕುಟುಂಬಗಳಲ್ಲಿ ಏಳು ಮೂರನೇ ವಾರಕ್ಕೇ ಕೈಬಿಟ್ಟವು. ಇಬ್ಬರಿಗೆ ದುಡ್ಡು ವಾಪಸ್ ಕೊಟ್ಟೆ.

ದಾರಿ ಸಿಕ್ಕಿದ್ದು ಕುಕ್ಕರ್ ಕೂಗಿದ್ದರಿಂದ. ಮೂಡಿಗೆರೆ ಕಡೆಯ ಒಬ್ಬ ತಾಯಿ ಮಾತಾಡುತ್ತಾ ಇದ್ದವರು ವಿಷಲ್ ಕೇಳಿ ಎದ್ದು ಹೋದರು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟವರು ಹಾಗೇ ಮರೆತರು. ಅಡುಗೆಮನೆ ನೆಲದಲ್ಲಿ ಎರಡನೇ ಕ್ಲಾಸಿನ ಮಗ ಕಾಪಿ ಬರೆಯುತ್ತಿದ್ದ. "ಬರಿ. ನೆಟ್ಟಗೆ ಕೂತ್ಕೋ. ಅಲ್ಲೇನ್ ನೋಡ್ತೀಯ. ಪೆನ್ಸಿಲ್ ಕಚ್ಚಬೇಡ." ನಾನು "ಅಮ್ಮಾ, ಕಾಲ್ ಕಟ್ ಆಗಿಲ್ಲ" ಎಂದು ಎರಡು ಸಲ ಕೂಗಿದೆ, ಕುಕ್ಕರ್ ಸದ್ದಿನಲ್ಲಿ ಕೇಳಿಸಲಿಲ್ಲ. ಎರಡು ನಿಮಿಷದೊಳಗೆ ಇಪ್ಪತ್ತರ ಹತ್ತಿರ ಆಜ್ಞೆಗಳು. ಅಷ್ಟೂ ದಿನ ಆಕೆ "ನಾನೇನೂ ಬಯ್ಯಲ್ಲ ಮೇಡಂ" ಅಂದಿದ್ದು ಸುಳ್ಳಲ್ಲ, ಆಕೆಯ ಲೆಕ್ಕದಲ್ಲಿ ಅದು ಬೈಗುಳವೇ ಅಲ್ಲ. ಗೊತ್ತಾದ ಮೇಲೆ ಆಕೆ ನಾಚಿಕೊಂಡರು. ನಾನೇ ಕೇಳಿದೆ: ನಾಳೆ ಇದೇ ಜಾಗದಲ್ಲಿ, ಇದೇ ಡಬ್ಬಿಗೆ ಒರಗಿಸಿಡಿ, ಕಿವಿಗೆ ಇಯರ್‌ಫೋನ್ ಹಾಕ್ಕೊಳ್ಳಿ.

ಹೀಗೆ ನೋಡುತ್ತಾ, ಮಗುವಿಗೆ ಏನು ಹೇಳಬೇಕು ಎಂದು ತಾಯಿಯ ಕಿವಿಯಲ್ಲಿ ಹೇಳಿಕೊಡುವುದು ನಾನು ಕಂಡುಹಿಡಿದದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ) ಎಂಬ ಚಿಕಿತ್ಸೆಯಲ್ಲಿ, ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ ಕೂತು ಇದನ್ನೇ ಮಾಡುತ್ತಾರೆ, ಎರಡರಿಂದ ಏಳು ವರ್ಷದ ಮಕ್ಕಳಿಗೆ. ಆದರೆ ಅದರ ಹೊಗಳಿಕೆಯ ಪಾಠ ನಮ್ಮ ಕಡೆ ನಡೆಯಲಿಲ್ಲ. "ಚೆನ್ನಾಗಿ ಬರೆದೆ ಅನ್ನಿ" ಅಂದರೆ ತಾಯಂದಿರಿಗೆ ಬಾಯೇ ಬರುತ್ತಿರಲಿಲ್ಲ. ಒಬ್ಬರು ಪಿಸುಗುಟ್ಟಿದರು, "ಹೆತ್ತವರೇ ಹಾಗಂದ್ರೆ ದೃಷ್ಟಿ ಆಗುತ್ತೆ ಮೇಡಂ." ಎರಡು ತಿಂಗಳು ಇದರಲ್ಲೇ ಒದ್ದಾಡಿದೆ. ಕೊನೆಗೆ ಹೊಗಳಿಕೆ ಬಿಟ್ಟು ವರದಿ ಹಿಡಿದೆ. "ಮೂರು ಸಾಲು ಬರೆದುಬಿಟ್ಟೆಯಲ್ಲ." "ಚಪ್ಪಲಿ ನೀನೇ ಎತ್ತಿಟ್ಟೆಯಲ್ಲ." ಆ "ಅಲ್ಲ"ದೊಳಗೆ ಹೊಗಳಿಕೆ ಇದೆ, ದೃಷ್ಟಿ ಇಲ್ಲ. ಮೊದಲ ಸಲ ಮೂಡಿಗೆರೆ ಕಡೆಯ ಆ ತಾಯಿ ಹಾಗಂದಾಗ ಹುಡುಗ ತಲೆ ಎತ್ತಿ ಅಮ್ಮನನ್ನೇ ನೋಡಿದ. ನಾಲ್ಕನೇ ಸಾಲು ಬರೆದು ಪುಸ್ತಕವನ್ನು ಸ್ವಲ್ಪ ಅವಳ ಕಡೆ ತಿರುಗಿಸಿಟ್ಟ. ನಾನು ಇಲ್ಲಿ ಹಾಸನದಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡು ಮೂಗು ಒರೆಸಿಕೊಂಡೆ.

ಮಗುವಿಗೆ ಮುಚ್ಚಿಟ್ಟು ಮಾಡುವುದಿಲ್ಲ, ರೆಕಾರ್ಡಿಂಗೂ ಇಲ್ಲ. "ಇವತ್ತು ಪಾಠ ಅಮ್ಮನಿಗೆ, ನಿನಗಲ್ಲ" ಎಂದು ಮೊದಲೇ ಹೇಳುತ್ತೇನೆ. ಮಕ್ಕಳಿಗೆ ಇದು ಬಹಳ ಖುಷಿ.

ನೆಟ್‌ವರ್ಕ್ ವಿಷಯಕ್ಕೆ ಬರೋಣ, ಬಹಳ ಜನ ಸೋಲುವುದು ಅಲ್ಲೇ. ಒಂದೇ ಫೋನಲ್ಲಿ ಚಿತ್ರವೂ ಮಾತೂ ಬೇಡ. ಮಾತಿಗೆ ಮಾಮೂಲಿ ಕಾಲ್, ಇಯರ್‌ಫೋನ್ ಹಾಕಿದ ಅಮ್ಮನ ಫೋನಿಗೆ. ಚಿತ್ರಕ್ಕೆ ಅಪ್ಪನ ಫೋನು, ಮ್ಯೂಟ್ ಮಾಡಿ. ಚಿತ್ರ ನಿಂತರೂ ನನ್ನ ದನಿ ನಿಲ್ಲುವುದಿಲ್ಲ. ಬ್ಲೂಟೂತ್ ಬೇಡ, ಒಲೆ ಮುಂದೆ ಬಗ್ಗಿದಾಗ ಬೀಳುತ್ತೆ. ವೈರಿನದ್ದು 150 ರೂಪಾಯಿಯ ಹಾಗೆ ಇಪ್ಪತ್ತು ಕೊಂಡು ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದೆ. ವಾಪಸ್ ಬಂದದ್ದು ಆರು. ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆ ಏಳರ ಸೆಷನ್ ಇಡಬೇಡಿ, ಕರೆಂಟ್ ನಂಬುವ ಹಾಗಿಲ್ಲ. ಸ್ಕೂಲ್ ಬಿಟ್ಟು ಬಂದ ತಕ್ಷಣ, ನಾಲ್ಕೂವರೆಗೆ ಇಡಿ. ಒಮ್ಮೆ ಆಲೂರು ಕಡೆಯ ತಾಯಿಯೊಬ್ಬರು ಸಿಗ್ನಲ್‌ಗೆಂದು ತೋಟದ ಏರಿ ಮೇಲೆ ನಿಂತು ಮಾತಾಡುತ್ತಿದ್ದರು. "ಮೇಡಂ, ಆನೆ ಬಂದಿದೆಯಂತೆ" ಅಂದವರೇ ಓಡಿದರು. ಅದಕ್ಕೆ ಫೀಸು ಹಿಡಿಯಲಿಲ್ಲ.

ಫೀಸು ಅಂದೆನಲ್ಲ. ಮೊದಲ ಸೆಷನ್ ಫ್ರೀ ಇಟ್ಟಾಗ ಅರ್ಧ ಜನ ಹೇಳಿದ ಹೊತ್ತಿಗೆ ಫೋನೇ ಎತ್ತುತ್ತಿರಲಿಲ್ಲ. 200 ರೂಪಾಯಿ ಮಾಡಿದೆ, ಎತ್ತತೊಡಗಿದರು. ಈಗ ಎಂಟು ವಾರಕ್ಕೆ 3,200, ಅರ್ಧ ಮುಂಗಡ. ಉಳಿದರ್ಧಕ್ಕೆ "ಕಾಫಿ ಮಾರಿದ ಮೇಲೆ ಕೊಡ್ತೀವಿ" ಅನ್ನುವವರು ಬಹಳ. ಕೊಡುತ್ತಾರೆ. ಒಬ್ಬರು ಮೆಣಸು ಕಳಿಸಿದ್ದರು, ರೇಟು ನೋಡಿದರೆ ನನಗೇ ಲಾಭ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಹೊಸ ಕುಟುಂಬ ತಗೊಳ್ಳುವುದೇ ಇಲ್ಲ. ಆ ಮೂರು ತಿಂಗಳ ಮನೆಖರ್ಚು ಮೊದಲೇ ಎತ್ತಿಟ್ಟುಕೊಳ್ಳಬೇಕು ಎಂದು ಕಲಿತದ್ದು ಎರಡನೇ ವರ್ಷ, ತಂಗಿಯ ಹತ್ತಿರ ಸಾಲ ಕೇಳಿದ ಮೇಲೆ.

ಅಪ್ಪಂದಿರನ್ನು ಎಂಟು ವಾರ ಹಿಡಿದಿಡುವುದು ಹೇಗೆ ಅಂತ ಆ ಹಿರಿಯರೂ ಕೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೆಣಸಿನ ರೇಟಿಗೂ ಅದಕ್ಕೂ ಸಂಬಂಧ ಇದೆ, ಅಷ್ಟೇ.

ನಡುವೆ ಒಂದೆರಡು ಹುಚ್ಚು ಪ್ರಯೋಗ. ಊಟ ಮಾಡಿಸುವಾಗ ಮೊಮ್ಮಗಳ ಕೈಗೆ ಮೊಬೈಲ್ ಕೊಡುತ್ತಿದ್ದ ಅಜ್ಜಿಗೂ ಇಯರ್‌ಫೋನ್ ಹಾಕಿಸಿದೆ. ನಾನು ಹೇಳಿದ್ದಕ್ಕೆಲ್ಲ ಅಜ್ಜಿ ಗಟ್ಟಿಯಾಗಿ "ಹೂಂ ಕಣವ್ವಾ, ಆಮೇಲೆ?" ಅನ್ನುತ್ತಿದ್ದರು. ಮಗು ನಗುತ್ತಾ ಮೊಬೈಲ್ ಇಲ್ಲದೇ ಒಂದು ಮುದ್ದೆ ತಿಂದು ಮುಗಿಸಿತು. ಅದು ಸೋಲೋ ಗೆಲುವೋ ಇವತ್ತಿಗೂ ಗೊತ್ತಾಗಿಲ್ಲ. ತಾಯಂದಿರ ವಾಟ್ಸಾಪ್ ಗ್ರೂಪ್ ಒಂಬತ್ತು ದಿನ ಬದುಕಿತ್ತು. ಒಬ್ಬರು ಸೀರೆ ಮಾರಲು ಶುರುಮಾಡಿದರು, ಇನ್ನೊಬ್ಬರ ನಾದಿನಿ ಹೇಗೋ ಒಳಗೆ ಬಂದು ಎಲ್ಲ ಓದಿಬಿಟ್ಟರು. ಡಿಲೀಟ್.

ಆ ನಾದಿನಿ ಪ್ರಕರಣದ ಮೇಲೆ ಒಂದು ಕೋಡ್ ಮಾತು ಇಟ್ಟುಕೊಂಡೆ. ಒಬ್ಬರೇ ಮಾತಾಡುವ ಹೊತ್ತಲ್ಲಿ ಯಾರಾದರೂ ಪಕ್ಕಕ್ಕೆ ಬಂದರೆ "ಒಲೆ ಮೇಲೆ ಹಾಲಿದೆ" ಅನ್ನಬೇಕು. ತಕ್ಷಣ ನಾನು ಸ್ಕೂಲ್ ಫೀಸಿನ ಮಾತು ತೆಗೆಯುತ್ತೇನೆ. ಒಬ್ಬ ತಾಯಿ ಒಂದೇ ಸೆಷನ್‌ನಲ್ಲಿ ಐದು ಸಲ ಹಾಲಿಟ್ಟರು. ಅಲ್ಲಿ ಹೊಡೆತ ಇತ್ತು. ಅಂಥ ಮನೆಯಲ್ಲಿ ಡಬ್ಬಿ, ಇಯರ್‌ಫೋನ್ ಎಲ್ಲ ಬಂದ್. ಮಗುವಿನ ಮೇಲೆ ಕೈ ಹೋಗಿದ್ದರೆ ಮಕ್ಕಳ ಸಹಾಯವಾಣಿ 1098, ಜೀವದ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416. 2022ರ ಅಕ್ಟೋಬರ್‌ನಿಂದ ಟೆಲಿಮಾನಸ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಎರಡು ನಂಬರ್ ಮೊದಲ ದಿನವೇ ಎಲ್ಲರಿಗೂ ಕಳಿಸುತ್ತೇನೆ.

ಇಲ್ಲಿಯವರೆಗೆ ಮೂವತ್ತೆಂಟೋ ನಲವತ್ತೋ ಕುಟುಂಬ. ಎಂಟು ವಾರ ಮುಗಿಸಿದವರು ಇಪ್ಪತ್ತಾರು, ಇಪ್ಪತ್ತೇಳು. ರೂಮಿನ ಕಾಲದಲ್ಲಿ ಮುಗಿಸಿದವರು ಮೂವರು.

ಆದರೆ ಹೈಸ್ಕೂಲ್ ಮಕ್ಕಳ ಹತ್ತಿರ ಇದು ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಅಮ್ಮನ ಕಿವಿಯ ವೈರ್ ನೋಡಿ, "ಮೇಡಂಗೆ ಹೇಳು, ನಾನು ರೂಮಿಗೆ ಹೋದೆ ಅಂತ" ಎಂದು ಬಾಗಿಲು ಹಾಕಿಕೊಂಡಳು. ಹಾಗೆ ಐವರಲ್ಲಿ ನಾಲ್ವರು ಹೋದರು. ಈಗ ಆ ವಯಸ್ಸಿನವರಿಗೆ, ಮನೆಯವರಿಗೂ ತಿಳಿಸಿ, ವಿಡಿಯೋ ಬಿಟ್ಟು ಬರೀ ಟೈಪಿಂಗ್ ಇಟ್ಟುಕೊಂಡಿದ್ದೇನೆ. ಸಂಜೆ ಕೇಳಿದ್ದಕ್ಕೆ ರಾತ್ರಿ ಹತ್ತೂವರೆಗೆ ಉತ್ತರ ಬರುತ್ತೆ, ಅದೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಆ ಹುಡುಗಿ ಕಳೆದ ವಾರ "ಹೂಂ" ಅಂತ ಕಳಿಸಿದ್ದಾಳೆ, ಎರಡು ಸಲ.