ಲಯ ಮತ್ತು ದನಿಯನ್ನು ಹಿಡಿದು ಪದ್ಯದ ಅರ್ಥಕ್ಕೆ ಹೋಗುವ ಬಗೆ

ಪದ್ಯವೊಂದರ ಅರ್ಥ ತಿಳಿಯಬೇಕಾದಾಗ ನಾವು ಮೊದಲು ನಿಘಂಟು ತೆರೆಯುತ್ತೇವೆ, ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸಿ ಅನ್ವಯ ಮಾಡಿಕೊಳ್ಳುತ್ತೇವೆ, ತಾತ್ಪರ್ಯ ಬರೆದುಕೊಳ್ಳುತ್ತೇವೆ. ಛಂದಸ್ಸು ಮಾತ್ರ ಪರೀಕ್ಷೆಯಲ್ಲಿ ಪ್ರಸ್ತಾರ ಹಾಕುವ, ಅಂದರೆ ಗುರು ಲಘುಗಳನ್ನು ಗುರುತಿಸುವ ಪ್ರಶ್ನೆಗೆ ಮೀಸಲಾಗಿ ಉಳಿಯುತ್ತದೆ. ಈ ಕ್ರಮವನ್ನು ತಿರುಗಿಸಿದರೆ ಪದ್ಯ ಹೆಚ್ಚು ತೆರೆದುಕೊಳ್ಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಛಂದಸ್ಸಿಗೆ ಒಂದು ನಡೆಯಿದೆ, ವಾಕ್ಯಕ್ಕೆ ಇನ್ನೊಂದು ನಡೆಯಿದೆ. ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ, ಅಂಥ ಜಾಗದಲ್ಲಿ ಯಾರು ಯಾರೊಡನೆ ಮಾತನಾಡುತ್ತಿದ್ದಾರೆ ಎಂದು ಕೇಳುತ್ತ ಹೋಗುವುದೇ ಇಲ್ಲಿ ಹೇಳಹೊರಟಿರುವ ವಿಧಾನ.

ಲೆಕ್ಕದ ಭಾಗ ಚಿಕ್ಕದು. ಅಕ್ಷರದ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆಯೇ ಮಾತ್ರೆ. ಹ್ರಸ್ವಾಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು, ಅವಕ್ಕೆ 2 ಮಾತ್ರೆ. ಆರು ಸಾಲುಗಳ ಭಾಮಿನಿ ಷಟ್ಪದಿಯಲ್ಲಿ 1, 2, 4 ಮತ್ತು 5ನೆಯ ಸಾಲುಗಳು 3+4+3+4ರ ನಡೆಯಲ್ಲಿ 14 ಮಾತ್ರೆಗಳಾಗಿರುತ್ತವೆ; 3 ಮತ್ತು 6ನೆಯ ಸಾಲುಗಳಲ್ಲಿ ಅದೇ ನಡೆ ಇನ್ನೊಂದು 3+4ರಷ್ಟು ಮುಂದುವರಿದು, ಕೊನೆಗೊಂದು ಗುರು ಸೇರಿ 23 ಮಾತ್ರೆಗಳಾಗುತ್ತವೆ. ಇಷ್ಟು ತಿಳಿದರೆ ಕುಮಾರವ್ಯಾಸನ ಭಾರತದ ಮೊದಲ ಪದ್ಯವನ್ನು ಕೈಗೆತ್ತಿಕೊಳ್ಳಬಹುದು.

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಇದನ್ನು ಮೊದಲ ಸಲ ಗಣ ಗಣವಾಗಿ, ಅಂದರೆ 3 ಮತ್ತು 4 ಮಾತ್ರೆಗಳ ಗುಂಪುಗಳಾಗಿ, ಬೆರಳಿನಲ್ಲಿ ತಾಳ ಹಾಕುತ್ತ ಗಟ್ಟಿಯಾಗಿ ಓದಬೇಕು: ಶ್ರೀವ, ನಿತೆಯರ, ಸನೆವಿ, ಮಲರಾ. ಎರಡನೆಯ ಸಲ ತಾಳವನ್ನು ಪೂರ್ತಿ ಬಿಟ್ಟು, ಮಾತಿನಂತೆ, ಪದ ಮುಗಿದಲ್ಲಿ ಮಾತ್ರ ನಿಲ್ಲಿಸುತ್ತ ಓದಬೇಕು. ಆಗ ‘ರಾಜೀವ’ ಎಂಬ ಪದ ಮೊದಲ ಸಾಲಿನ ಕೊನೆಯಲ್ಲಿಯೂ ‘ಸುಧಾ’ ಎಂಬುದು ನಾಲ್ಕನೆಯ ಸಾಲಿನ ಕೊನೆಯಲ್ಲಿಯೂ ತುಂಡಾಗಿರುವುದು ಕಿವಿಗೆ ಬೀಳುತ್ತದೆ. ಅಚ್ಚಿನ ಸಾಲು ಮುಗಿದಲ್ಲೆಲ್ಲ ಉಸಿರು ತೆಗೆದುಕೊಳ್ಳುವವರು ಇಲ್ಲಿ ಪದ್ಯವನ್ನು ಕೆಡಿಸುತ್ತಾರೆ. ಉಸಿರಿಗೆ ಜಾಗವಿರುವುದು ‘ದಾತಾರ’ ಎಂಬಲ್ಲಿ, ಅಂದರೆ ಪದ್ಯದ ಅರ್ಧ ಮುಗಿಯುವಲ್ಲಿ. ಬರವಣಿಗೆಯಲ್ಲಿ ಹ್ರಸ್ವವಾಗಿರುವ ಕೊನೆಯ ‘ರ’ವನ್ನು ಗುರುವೆಂದು ಹಿಡಿಯುವುದರಿಂದಲೇ ಆ ವಿರಾಮ ದೊರೆಯುತ್ತದೆ. ನಾಲ್ಕನೆಯ ಸಾಲಿನ ‘ಮಥನ ಶ್ರವಣ’ದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಯಮದ ಪ್ರಕಾರ ಒತ್ತಕ್ಷರದ ಹಿಂದಿನ ‘ನ’ ಗುರುವಾಗಬೇಕಿತ್ತು, ಆದರೆ ಕವಿ ಶಿಥಿಲದ್ವಿತ್ವವಾಗಿ, ಅಂದರೆ ಒತ್ತನ್ನು ಸಡಿಲಿಸಿ, ‘ಶ್ರ’ವನ್ನು ತೇಲಿಸಿ ಉಚ್ಚರಿಸಬೇಕೆಂದು ಬಯಸುತ್ತಾನೆ, ಒತ್ತಿ ಓದಿದರೆ ಮೂರು ಮಾತ್ರೆಯ ಗಣ ನಾಲ್ಕಾಗಿ ನಡೆ ಮುಗ್ಗರಿಸುತ್ತದೆ.

ಮೂರನೆಯ ಸಲ ಎರಡು ನಡೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದುವಾಗ ಕ್ರಿಯಾಪದ ಎಲ್ಲಿದೆಯೆಂದು ಹುಡುಕಿರಿ. ಅರಸನೆ, ಪಿತನೆ, ಪಾವನನೆ ಎಂದು ಐದು ಸಾಲುಗಳ ಉದ್ದಕ್ಕೂ ಬರುವುದೆಲ್ಲ ಸಂಬೋಧನೆ. ಪೂರ್ಣಕ್ರಿಯೆ ಒಂದೇ, ‘ಕಾವುದು’; ಅದು ಆರನೆಯ ಸಾಲಿನ ತಲೆಯಲ್ಲಿದೆ. ಕನ್ನಡದ ಸಹಜ ಪದಕ್ರಮದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಬೇಕಿತ್ತು. ಆದರೆ ಆದಿಪ್ರಾಸಕ್ಕಾಗಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ವಕಾರ ಬರಬೇಕು: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಪ್ರಾಸ ಕ್ರಿಯಾಪದವನ್ನು ಸಾಲಿನ ಆರಂಭಕ್ಕೆ ಎಳೆದು ತಂದಿದೆ. ಅದರಿಂದ ಇಷ್ಟು ಹೊತ್ತು ತಡೆದಿಟ್ಟ ಬೇಡಿಕೆ ಒಮ್ಮೆಗೇ ಹೊರಬಂದು, ಸಾಲಿನ ಉಳಿದ ಉದ್ದವೆಲ್ಲ ದೇವರ ಹೆಸರಿಗೆ ಸಿಕ್ಕಿದೆ. ಆ ಹೆಸರು ಕೂಡ ‘ನಾರಾಯಣ’ ಅಲ್ಲ, ‘ನಾರಯಣ’. ಅಭ್ಯಾಸಬಲದಿಂದ ‘ರಾ’ ಎಂದು ಎಳೆದರೆ ನಾಲ್ಕು ಮಾತ್ರೆಯ ಗಣದಲ್ಲಿ ಐದು ಮಾತ್ರೆಗಳಾಗುತ್ತವೆ.

ಇನ್ನು ದನಿ. ಬೇಡುತ್ತಿರುವವನು ಕವಿ, ಆದರೆ ಅವನು ‘ನನ್ನನ್ನು ಕಾಪಾಡು’ ಎನ್ನುವುದಿಲ್ಲ. ‘ಆನತ ಜನವ’ ಎಂದು ಬಾಗಿ ನಿಂತವರ ಗುಂಪಿನೊಳಗೆ ತಾನೂ ಒಬ್ಬನಾಗಿ ಸೇರಿಕೊಳ್ಳುತ್ತಾನೆ. ಲಕ್ಷ್ಮೀಪತಿ, ಬ್ರಹ್ಮನ ತಂದೆ, ರಾವಣನನ್ನು ಕೊಂದವನು ಎಂದು ಪುರಾಣದ ಎತ್ತರದಲ್ಲಿದ್ದ ದೇವರು ‘ಗದುಗಿನ’ ಎಂಬ ನಾಲ್ಕು ಲಘುಗಳ ಗಣದಲ್ಲಿ ಊರ ಗುಡಿಯವನಾಗುತ್ತಾನೆ. ಈ ಇಳಿತವನ್ನು ಗದ್ಯದ ತಾತ್ಪರ್ಯ ಹಿಡಿದುಕೊಡಲಾರದು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರುಗಳಲ್ಲಿ ಇಂದಿಗೂ ಉಳಿದಿರುವ ಗಮಕ ವಾಚನವನ್ನು, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳುವ ಅವಕಾಶ ಸಿಕ್ಕರೆ, ವಾಚಕರು ಎಲ್ಲಿ ಎಳೆಯುತ್ತಾರೆ, ಯಾವ ಸಾಲುಗಳನ್ನು ಕೂಡಿಸಿ ಓದುತ್ತಾರೆ ಎಂಬುದನ್ನು ಗಮನಿಸಬೇಕು. ವ್ಯಾಖ್ಯಾನ ಆರಂಭವಾಗುವ ಮೊದಲೇ ಅರ್ಧ ಅರ್ಥ ಅವರ ವಾಚನದಲ್ಲಿ ಸಿಕ್ಕಿರುತ್ತದೆ.

ಅಕ್ಷರವೃತ್ತಗಳಲ್ಲಿ ಗುರು ಲಘುಗಳ ಸ್ಥಾನವೇ ಮೊದಲೇ ನಿಗದಿಯಾಗಿರುವುದರಿಂದ ನೋಡುವ ಕ್ರಮ ಸ್ವಲ್ಪ ಬೇರೆ. ಅಲ್ಲಿ ಮುಖ್ಯವಾದ ಪದ ಯಾವ ಗಣದಲ್ಲಿ ಕೂತಿದೆಯೆಂದು ನೋಡಬೇಕು. ಕರ್ಣನ ಅವಸಾನದ ನಂತರ ಪಂಪ ಹೇಳುವ ‘ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನ್’ ಎಂಬ ಪದ್ಯ ಚಂಪಕಮಾಲೆ ಎಂಬ ವೃತ್ತದಲ್ಲಿದೆ; ಮೂರು ಮೂರು ಅಕ್ಷರಗಳ ಅದರ ಗಣಗಳು ನ, ಜ, ಭ, ಜ, ಜ, ಜ, ರ. ಎರಡನೆಯ ಸಾಲು ‘ನೆನೆವೊಡೆ ಕರ್ಣನಂ ನೆನೆಯ ಕರ್ಣನೊಳಾರ್ ದೊರೆ ಕರ್ಣನೇಱು ಕ’. ಇಲ್ಲಿ ಕರ್ಣನ ಹೆಸರು 2, 4 ಮತ್ತು 6ನೆಯ ಗಣಗಳಲ್ಲಿ, ಪ್ರತಿ ಸಲವೂ ಜಗಣದ (ಲಘು, ಗುರು, ಲಘು) ನಡುವಿನ ಗುರುವಿನ ಮೇಲೆ ‘ಕರ್’ ಬರುವಂತೆ ಕೂತಿದೆ. ಹೆಸರು ಬಂದಾಗಲೆಲ್ಲ ದನಿ ಒತ್ತಲೇಬೇಕು, ಒತ್ತದೆ ಓದಲು ವೃತ್ತ ಬಿಡುವುದಿಲ್ಲ. ಸಾಲಿನ ಕೊನೆಯಲ್ಲಿ ಅದೇ ಹೆಸರು ನಾಲ್ಕನೆಯ ಬಾರಿ ಆರಂಭವಾಗಿ, ಸಾಲು ಸಾಲದೆ ಮುಂದಿನ ಸಾಲಿಗೆ ಉಕ್ಕುತ್ತದೆ.

ಇದನ್ನು ಹೇಳುತ್ತಿರುವವರು ಯಾರು? ಪಾತ್ರವಲ್ಲ, ಸ್ವತಃ ಕವಿ. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯ ಕಟ್ಟಿದ ಪಂಪ, ಆ ಅರ್ಜುನನ ಎದುರಾಳಿ ಬಿದ್ದಾಗ ಕಥೆಯನ್ನು ನಿಲ್ಲಿಸಿ, ‘ಅಣ್ಣ’ ಎಂದು ಕೇಳುಗನನ್ನು ಕರೆದು, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಎನ್ನುತ್ತಾನೆ. ದನಿಯನ್ನು ಗುರುತಿಸದಿದ್ದರೆ ಇದು ಬರಿಯ ಹೊಗಳಿಕೆಯ ಪದ್ಯವಾಗಿ ಕಾಣುತ್ತದೆ. ಗುರುತಿಸಿದಾಗ ಇದರ ಧೈರ್ಯ ತಿಳಿಯುತ್ತದೆ.

ಗಣಗಳಿಲ್ಲದ ರಚನೆಯನ್ನು ಓದುವ ಬಗೆಗೆ ಬಸವಣ್ಣನವರ ಈ ವಚನಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಕಂಡಿಲ್ಲ: ‘ತಾಳಮಾನ ಸರಿಸವನರಿಯೆ, ಓಜೆ ಬಜಾವಣೆಯ ಲೆಕ್ಕವನರಿಯೆ, ಅಮೃತಗಣ ದೇವಗಣವನರಿಯೆ, ಕೂಡಲಸಂಗಮದೇವಾ, ನಿನಗೆ ಕೇಡಿಲ್ಲವಾಗಿ ಆನು ಒಲಿದಂತೆ ಹಾಡುವೆ.’ ಇಲ್ಲಿ ಮಾತ್ರೆ ಎಣಿಸಿ ಪ್ರಯೋಜನವಿಲ್ಲ. ವಾಕ್ಯಗಳು ಮುಗಿಯುವ ಬಗೆಯನ್ನು ನೋಡಬೇಕು. ಮೂರು ಸಲ ‘ಅರಿಯೆ’ ಎಂಬ ನಿಷೇಧ ಬಂದು ಒಂದು ಲಯ ನಿಲ್ಲುತ್ತದೆ, ‘ಕೂಡಲಸಂಗಮದೇವಾ’ ಎಂಬ ಅಂಕಿತದಲ್ಲಿ ಮಾತು ದೇವರ ಕಡೆಗೆ ತಿರುಗುತ್ತದೆ, ಆಮೇಲೆ ಅದೇ ಎಕಾರದಲ್ಲಿ ಮುಗಿಯುವ ‘ಹಾಡುವೆ’ ಎಂಬ ಒಂದೇ ಒಂದು ನಿಷೇಧವಲ್ಲದ ದೃಢವಾದ ಮಾತು ಬರುತ್ತದೆ. ‘ಅರಿಯೆ’ಯಲ್ಲಿಯೂ ‘ಹಾಡುವೆ’ಯಲ್ಲಿಯೂ ಕರ್ತೃ ಪ್ರತ್ಯಯದಲ್ಲೇ ಇರುವುದರಿಂದ ‘ಆನು’ ಎಂದು ಬೇರೆ ಹೇಳುವ ಅಗತ್ಯವೇ ಇರಲಿಲ್ಲ. ಆ ಪದವನ್ನು ಬಿಟ್ಟು ಒಮ್ಮೆ, ಸೇರಿಸಿಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಓದಿ ನೋಡಿರಿ. ಅಂಥದೇ ಪರೀಕ್ಷೆಯನ್ನು ಮುಕ್ತಛಂದದ ಕವಿತೆಗೂ ಒಡ್ಡಬಹುದು: ಸಾಲು ಮುರಿದಿರುವ ಜಾಗವನ್ನು ಒಂದು ಪದ ಹಿಂದಕ್ಕೋ ಮುಂದಕ್ಕೋ ಸರಿಸಿ ಓದಬೇಕು, ಏನೂ ಬದಲಾಗದಿದ್ದರೆ ಅಲ್ಲಿ ಸಾಲು ಮುರಿದದ್ದಕ್ಕೆ ಕಾರಣವಿಲ್ಲ, ಮಾತನಾಡುವವರ ದನಿ ಬದಲಾದರೆ ಆ ಜಾಗದಲ್ಲಿ ಮತ್ತೊಮ್ಮೆ ನಿಂತು ಓದಬೇಕು.